ನಕ್ಷೆಯಲ್ಲಿಲ್ಲದ ಕೋಳಿಕಣ

ಆರ್ಡಿತ್ ಹಾಕನ್ಸನ್‌ಳ ಕಾರಿನ ಸ್ಟೀರಿಂಗ್ ಇರುವುದು ಎಡಗಡೆ, ಅವಳು ಕೂರುವುದು ಬಲಗಡೆ. ಅಂಚೆ ಡಬ್ಬಿಗಳೆಲ್ಲ ರಸ್ತೆಯ ಬಲಕ್ಕೆ ಕಂಬದ ಮೇಲೆ ನಿಂತಿರುವುದರಿಂದ ಅವಳಿಗೆ ಬೇರೆ ದಾರಿಯಿಲ್ಲ. ಎಡಗೈ ಚಾಚಿ ಸ್ಟೀರಿಂಗ್ ಹಿಡಿದು, ಎಡಗಾಲು ಚಾಚಿ ಬ್ರೇಕು ತುಳಿಯುತ್ತ, ಬಲಗೈಯಿಂದ ಡಬ್ಬಿಯ ಬಾಗಿಲು ತೆರೆದು ಕಾಗದ ಹಾಕುತ್ತ ಅವಳು ಮೂವತ್ತೊಂದು ವರ್ಷದಿಂದ ವಯೋಮಿಂಗ್‌ನ ಆಲ್ಕಲೈ ಊರಿನ ಸುತ್ತ ದಿನಕ್ಕೆ ನೂರ ಹದಿನಾರು ಮೈಲಿ ತಿರುಗುತ್ತಿದ್ದಾಳೆ. ವಯಸ್ಸು ಅರವತ್ತೆಂಟು. ಎಡ ಸೊಂಟಕ್ಕೆ ಮಾತ್ರ ಎಪ್ಪತ್ತೆಂಟು ಎಂದು ಅವಳೇ ಹೇಳಿಕೊಳ್ಳುತ್ತಾಳೆ.

ಅಂಚೆಯದು ಸಂಬಳದ ಕೆಲಸ. ಅವಳಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ. ಸುತ್ತಲಿನ ಬಯಲೆಲ್ಲ ಫೆಡರಲ್ ಸರ್ಕಾರದ ನೆಲ. ದನ ಕುರಿ ಮೇಯಿಸುವವರು ಅದನ್ನು ಗುತ್ತಿಗೆ ಹಿಡಿದಿರುತ್ತಾರೆ. ಆ ನೆಲದ ಬಗ್ಗೆ ಭೂ ಇಲಾಖೆ ಹೊರಡಿಸುವ ಪ್ರತಿಯೊಂದು ನೋಟೀಸೂ ಅಂಚೆ ಕಚೇರಿಯ ಗೋಡೆಗೆ ಬರುತ್ತದೆ. ಅದನ್ನು ಕೊನೆಯ ಸಾಲಿನವರೆಗೆ ಓದುವವಳು ಇಡೀ ಕಣಿವೆಯಲ್ಲಿ ಆರ್ಡಿತ್ ಒಬ್ಬಳೇ. ಅವಳ ಅಪ್ಪ ನೋಟೀಸುಗಳನ್ನು ಒಲೆ ಹಚ್ಚಲು ಬಳಸುತ್ತಿದ್ದ. ಒಂದು ವರ್ಷ ಹಾಗೆ ಉರಿದುಹೋದ ಹಾಳೆಯಲ್ಲಿ ಅವನದೇ ಹುಲ್ಲುಗಾವಲಿನ ಗುತ್ತಿಗೆ ನವೀಕರಿಸಲು ಕೊನೆಯ ದಿನಾಂಕವಿತ್ತು. ಹುಲ್ಲುಗಾವಲು ಕೈಬಿಟ್ಟುಹೋದ ದಿನ ಅವನು ಹತ್ತೊಂಬತ್ತು ವರ್ಷದ ಮಗಳನ್ನು ಕರೆದು, "ಇವತ್ತಿಂದ ನೀನು ಓದು" ಎಂದಿದ್ದ. ಅವಳು ಇವತ್ತಿಗೂ ಓದುತ್ತಿದ್ದಾಳೆ. ಪ್ರತಿ ಮಂಗಳವಾರ ಸುತ್ತು ಮುಗಿಸಿ ನೀಟಾಳ ಹೋಟೆಲಿಗೆ ಹೋಗಿ ಅಲ್ಲಿದ್ದವರಿಗೆ ಸರಳ ಮಾತಿನಲ್ಲಿ ತಿಳಿಸುತ್ತಾಳೆ.

ಆ ಏಪ್ರಿಲ್‌ನ ಮೊದಲ ಮಂಗಳವಾರ ಅವಳು ಒಳಗೆ ಬಂದಾಗ ನೀಟಾ ಕಾಫಿ ಸುರಿಯುತ್ತ ಎಂದಿನಂತೆ ಕೇಳಿದಳು:

"ಏನಮ್ಮ ಆರ್ಡಿತ್, ಸರ್ಕಾರ ಇವತ್ತು ಬೆಳಗ್ಗೆ ಏನ್ ತಿಂದಿದೆ?"

"ಗ್ರಾಸಿಯನ್‌ನ ದಾರಿ ತಿಂದಿದೆ" ಎಂದಳು ಆರ್ಡಿತ್. ಯಾರೂ ನಗಲಿಲ್ಲ.

ಮೂಲೆಯ ಮೇಜಿನಲ್ಲಿ ಗ್ರಾಸಿಯನ್ ಅರೊಸ್ತೆಗಿ ಸೇಬಿನ ಪೈ ತಿನ್ನುತ್ತಿದ್ದ. ಅವನ ಅಜ್ಜ ಕಡಲಾಚೆಯ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನು. ಅಂದಿನಿಂದ ಮೂರು ತಲೆಮಾರು ಪ್ರತಿ ಮೇ ಕೊನೆಯಲ್ಲಿ ಒಂದೇ ದಾರಿಯಲ್ಲಿ ಕುರಿಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗಿತ್ತು. ಆರು ದಿನದ ನಡಿಗೆ. ದಾರಿಯುದ್ದಕ್ಕೂ ಆಸ್ಪೆನ್ ಮರಗಳ ಬಿಳಿ ತೊಗಟೆಯಲ್ಲಿ ಕುರುಬರು ಚಾಕುವಿನಿಂದ ಕೆತ್ತಿದ ಹೆಸರು, ಇಸವಿಗಳಿವೆ.

ಆರ್ಡಿತ್ ನೋಟೀಸನ್ನು ಓದಿ ಹೇಳಿದಳು. ಬಯಲಿನ ಸೇಜ್ ಪೊದೆಗಳಲ್ಲಿ ಬದುಕುವ ಕಾಡುಕೋಳಿಗಳು, ಸೇಜ್ ಕೋಳಿಗಳು, ಕಡಿಮೆಯಾಗುತ್ತಿವೆ. ವಸಂತದಲ್ಲಿ ಹುಂಜಗಳು ಕೂಡಿ ಎದೆಯುಬ್ಬಿಸಿ ಕುಣಿಯುವ ಬಯಲಿಗೆ, ಅಂದರೆ ಕೋಳಿಕಣಕ್ಕೆ, ಇನ್ನು ಮುಂದೆ ರಕ್ಷಣೆ. ಮುಂದಿನ ವರ್ಷದಿಂದ ಮಾರ್ಚ್ ಒಂದರಿಂದ ಜೂನ್ ಮೂವತ್ತರವರೆಗೆ ಕಣದ ಸುತ್ತ ಎರಡು ಮೈಲಿ ದನ, ಕುರಿ, ವಾಹನ ಯಾವುದೂ ಸುಳಿಯುವಂತಿಲ್ಲ. ನಕ್ಷೆಯಲ್ಲಿ ಗುರುತಿಸಿದ ಕಣ ಕುರಿದಾರಿಯಿಂದ ಅರ್ಧ ಮೈಲಿ. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ.

"ಲಾರೀಲಿ ಹಾಕ್ಕೊಂಡು ಹೋಗು ಅಂತಾರಾ?" ಎಂದು ಗ್ರಾಸಿಯನ್ ನಿಧಾನವಾಗಿ ಕೇಳಿದ.

"ಹಾಗೇ ಬರ್ದಿದಾರೆ. 'ಪರ್ಯಾಯ ಸಾಗಾಣಿಕೆ' ಅಂತ."

"ಎರಡು ಸಾವಿರ ಮರಿ, ಎಲ್ಲಾ ಐದಾರು ವಾರದ್ದು. ಲಾರೀಲಿ ತುಂಬಿದ್ರೆ ತಾಯಿ ಯಾವ್ದು ಮರಿ ಯಾವ್ದು? ಇಳಿಸೋ ಹೊತ್ತಿಗೆ ಎಲ್ಲದಕ್ಕೂ ಒಂದೇ ವಾಸನೆ. ಅರ್ಧ ಮರಿ ಹಾಲಿಲ್ದೆ ಸಾಯ್ತವೆ." ಅವನು ಪೈ ತಟ್ಟೆಯನ್ನು ದೂರ ಸರಿಸಿದ. "ಹಾಗೆ ಮಾಡೋದಕ್ಕಿಂತ ಈ ಶರತ್ಕಾಲದಲ್ಲಿ ಮಂದೆ ಮಾರಿಬಿಡ್ತೀನಿ."

ಹೋಟೆಲಿನಲ್ಲಿ ಮಾತು ಬಿಸಿಯಾಯಿತು. ಅಂಥ ಸಂದರ್ಭದಲ್ಲಿ ಆ ಊರಿನವರು ಮಾಡುವುದು ಒಂದೇ. ಆರ್ಡಿತ್ ಒಂದು ಪತ್ರ ಬರೆಯಬೇಕು, ನೀಟಾ ಅದರ ಪ್ರತಿಗಳನ್ನು ತೆಗೆಸಬೇಕು, ಎಲ್ಲರೂ ಒಂದೊಂದಕ್ಕೆ ಸಹಿ ಹಾಕಬೇಕು. ತನ್ನ ಬಗ್ಗೆ ತಾನೇ ಕಾಗದದಲ್ಲಿ ಬರೆದುಕೊಳ್ಳುವುದು ಅಲ್ಲಿ ಜಂಬವೆನಿಸುತ್ತದೆ. ನೆರೆಯವನ ಪತ್ರಕ್ಕೆ ಸಹಿ ಹಾಕುವುದು ಒಳ್ಳೆಯ ನಡತೆ. ಎರಡು ವಾರದಲ್ಲಿ ನಲವತ್ಮೂರು ಪ್ರತಿಗಳು ಸಹಿಯಾಗಿ ಹೋದವು.

ಕಳಿಸಿದ ಮೇಲೆ ಆರ್ಡಿತ್ ನೋಟೀಸನ್ನು ಮತ್ತೊಮ್ಮೆ ಓದಿದಳು. ಹನ್ನೊಂದನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲೊಂದಿತ್ತು: ಒಂದೇ ಒಕ್ಕಣೆಯ ಪತ್ರಗಳನ್ನು ಒಂದೇ ಆಕ್ಷೇಪಣೆಯೆಂದು ಪರಿಗಣಿಸಲಾಗುವುದು, ಹೊಸ ಮಾಹಿತಿ ಇರುವ ಪತ್ರಗಳಿಗೆ ಮಾತ್ರ ಪ್ರತ್ಯೇಕ ಉತ್ತರ ಕೊಡಲಾಗುವುದು. ಕೊನೆಯ ಸಾಲಿನವರೆಗೆ ಓದುವವಳೆಂದು ಹೆಸರಾದ ಅವಳು ಈ ಸಲ ಸಿಟ್ಟಿನಲ್ಲಿ ಆ ಪುಟವನ್ನು ಹಾರಿಸಿದ್ದಳು. ಉಳಿದಿದ್ದದ್ದು ಹನ್ನೆರಡು ದಿನ.

ಹೊಸ ಮಾಹಿತಿ ಅವಳ ಬಳಿ ಇತ್ತು. ಇದ್ದದ್ದೇ ಕಷ್ಟವಾಗಿತ್ತು.

ನಕ್ಷೆಯಲ್ಲಿದ್ದ ಕಣದಲ್ಲಿ ಹನ್ನೊಂದು ವರ್ಷದಿಂದ ಒಂದು ಕೋಳಿಯೂ ಕುಣಿದಿಲ್ಲ. ಅದರ ಪಕ್ಕದಲ್ಲಿ ವಿದ್ಯುತ್ ಕಂಬಗಳು ಬಂದವು, ಕಂಬಗಳ ಮೇಲೆ ಹದ್ದುಗಳು ಕೂತವು, ಹುಂಜಗಳು ಜಾಗ ಬಿಟ್ಟವು. ಅವು ಹೋದದ್ದು ಐದು ಮೈಲಿ ಪೂರ್ವಕ್ಕೆ, ಆರ್ಡಿತ್‌ಳ ತಮ್ಮ ಲೋವೆಲ್ ಗುತ್ತಿಗೆ ಹಿಡಿದಿರುವ ಉಪ್ಪುಬಯಲಿಗೆ. ಬೆಳಗಿನ ಸುತ್ತಿನಲ್ಲಿ ಅವಳು ಕಾರು ನಿಲ್ಲಿಸಿ ಕಿಟಕಿ ಇಳಿಸಿ ನೋಡುತ್ತಿದ್ದಳು. ಬೂದು ಬೆಳಕಿನಲ್ಲಿ ಬಿಳಿ ಎದೆಗಳು ಉಬ್ಬಿ ಇಳಿಯುತ್ತಿದ್ದವು. ದೂರದ ಬಾವಿಯೊಳಗೆ ನೀರು ಗುಳುಗುಳು ಎಂದಂಥ ಸದ್ದು. ಅಂಗಡಿಯವರು ಪುಕ್ಕಟೆ ಕೊಡುವ ಪುಟ್ಟ ಪುಸ್ತಕದಲ್ಲಿ ಅವಳು ದಿನಾಂಕ, ಹವೆ, ಹುಂಜಗಳ ಸಂಖ್ಯೆ ಬರೆದಿಟ್ಟುಕೊಳ್ಳುತ್ತಿದ್ದಳು. ಯಾರಿಗೂ ಹೇಳುತ್ತಿರಲಿಲ್ಲ. ಕೋಳಿ ಎಲ್ಲಿದೆ ಎಂದು ಇಲಾಖೆಯವರಿಗೆ ಹೇಳಬಾರದು ಎಂಬುದು ಆ ಕಣಿವೆಯಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ನಿಯಮ. ಹೇಳಿದರೆ ಆ ನೆಲಕ್ಕೆ ಬೀಗ ಬೀಳುತ್ತದೆ. ಅಪ್ಪ ಸಾಯುವ ತನಕ ಹೇಳುತ್ತಿದ್ದ ಮಾತೂ ಅದೇ.

ಎಲ್ಲರೂ ಸುಮ್ಮನಿದ್ದದ್ದರಿಂದ ನಕ್ಷೆ ಹಳೆಯದಾಗಿಯೇ ಉಳಿದಿತ್ತು. ಹಳೆಯ ನಕ್ಷೆ ಈಗ ಗ್ರಾಸಿಯನ್‌ನ ಕುತ್ತಿಗೆಗೆ ಬಂದಿತ್ತು. ನಿಜ ಬರೆದರೆ ಅವನ ದಾರಿ ತೆರೆಯುತ್ತದೆ, ಲೋವೆಲ್‌ನ ಉಪ್ಪುಬಯಲು ಮುಚ್ಚುತ್ತದೆ.

ಮರುದಿನ ಸುತ್ತು ಮುಗಿಸಿ ಅವಳು ತಮ್ಮನ ಕೊಟ್ಟಿಗೆಗೆ ಹೋದಳು. ಲೋವೆಲ್ ಆಗಷ್ಟೇ ಹುಟ್ಟಿದ ಕರುವನ್ನು ಗೋಣಿಯಿಂದ ಉಜ್ಜುತ್ತಿದ್ದ. ಆರ್ಡಿತ್ ಕೋಟು ಕಳಚಿ ಕರುವಿನ ಹಿಂಗಾಲಿನ ಕಡೆ ಉಜ್ಜತೊಡಗಿದಳು.

"ಗ್ರಾಸಿಯನ್ ಮಂದೆ ಮಾರ್ತಾನಂತೆ."

"ಕೇಳ್ದೆ."

"ಲೋವೆಲ್, ಆ ನಕ್ಷೆ ತಪ್ಪು."

"ಸರ್ಕಾರದ ನಕ್ಷೆ ಯಾವತ್ತು ಸರಿ ಇತ್ತು?"

"ಈ ತಪ್ಪು ನಮ್ದು. ಹನ್ನೊಂದು ವರ್ಷ ನಾವು ಬಾಯಿ ಬಿಟ್ಟಿಲ್ಲ."

ಲೋವೆಲ್‌ನ ಕೈ ನಿಂತಿತು. "ಬರೀತೀಯಾ?"

"ನಿನ್ನ ಕೇಳೋಕೆ ಬಂದೆ."

"ಕೇಳೋಕೆ ಬಂದಿಲ್ಲ ನೀನು. ಹೇಳೋಕೆ ಬಂದಿದೀಯ. ಚಿಕ್ಕಂದಿನಿಂದ ನಿಂದು ಇದೇ ಮುಖ." ಅವನು ಗೋಣಿಯನ್ನು ಬೇಲಿಗೆ ಎಸೆದ. "ಉಪ್ಪುಬಯಲು ಮುಚ್ಚಿದ್ರೆ ವಸಂತದಲ್ಲಿ ನನ್ನ ಹಸುಗಳನ್ನ ಎಲ್ಲಿಗೆ ಹೊಡೀಲಿ? ನಿನ್ನ ಕಾರೊಳಗೆ ಕಟ್ಲಾ? ಎಡಗಡೆ ಸೀಟಂತೂ ಖಾಲಿ ಬಿದ್ದಿದೆ."

"ಲೋವೆಲ್..."

"ಅಪ್ಪ ಏನ್ ಹೇಳಿದ್ದ?"

"ಅಪ್ಪ ನೋಟೀಸನ್ನ ಒಲೆಗೂ ಹಾಕ್ತಿದ್ದ."

ಕರು ಎದ್ದು ನಿಲ್ಲಲು ನೋಡಿ ಮುಗ್ಗರಿಸಿತು. ಲೋವೆಲ್ ಅದರ ಹೊಟ್ಟೆಗೆ ಕೈ ಕೊಟ್ಟು ಎತ್ತಿ ತಾಯಿಯ ಕಡೆ ತಿರುಗಿಸಿದ. ಅದು ಮೊಲೆ ಹುಡುಕಿಕೊಂಡು ಚೀಪತೊಡಗಿತು.

"ಎಷ್ಟು ಹುಂಜ ಅಂತ ಬರೀತೀಯ?" ಎಂದು ಅವನು ಕರುವನ್ನೇ ನೋಡುತ್ತ ಕೇಳಿದ.

"ಹೋದ ಗುರುವಾರ ಇಪ್ಪತ್ಮೂರು."

"ಅದು ರಸ್ತೆಯಿಂದ ಕಾಣೋದು. ದಿಬ್ಬದ ಆಚೆ ಇನ್ನೂ ಎಂಟಿರ್ತವೆ. ಮೂವತ್ತೊಂದು."

ಅವನು ಅಂಗಿಯ ಜೇಬಿನಿಂದ ಕರು ಹುಟ್ಟಿದ ದಿನ ಬರೆದಿಡುವ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟ. ಹಸುಗಳ ಕಿವಿಬಿಲ್ಲೆಯ ನಂಬರುಗಳ ನಡುನಡುವೆ ಪೆನ್ಸಿಲ್ಲಿನಲ್ಲಿ 'ಕೋ 28', 'ಕೋ 31' ಎಂದು ಬರೆದಿತ್ತು. ಆರ್ಡಿತ್ ಅವನ ಮುಖ ನೋಡಿದಳು. ತನ್ನ ಹಾಗೆಯೇ ಅವನೂ ಇಷ್ಟು ವರ್ಷ ಯಾರಿಗೂ ಹೇಳದೆ ಎಣಿಸುತ್ತಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ.

"ಬರೆಯೋದಾದ್ರೆ ಸರಿಯಾಗಿ ಬರಿ," ಎಂದ ಲೋವೆಲ್. "ನನ್ನ ಹೆಸರು ಹಾಕ್ಬೇಡ." ಕಾಫಿಗೆ ಕರೆಯದೆ ಅವನು ಕೊಟ್ಟಿಗೆಯ ಆ ತುದಿಗೆ ಹೋಗಿಬಿಟ್ಟ.

ಆರ್ಡಿತ್ ನಾಲ್ಕು ದಿನ ಕೂತು ಬರೆದಳು. ಹಳೆಯ ಕಣ ಖಾಲಿಯಾದ ವರ್ಷ, ಕಂಬಗಳು ಬಂದ ತಿಂಗಳು, ಹೊಸ ಕಣ ಇರುವ ಜಾಗ, ಹನ್ನೊಂದು ವಸಂತಗಳ ದಿನಾಂಕ ಮತ್ತು ಎಣಿಕೆ. ತನ್ನ ಎಣಿಕೆಯ ಪಕ್ಕದಲ್ಲಿ 'ದಿಬ್ಬದ ಆಚೆಯಿಂದ ನೋಡಿದ ಇನ್ನೊಬ್ಬರ ಎಣಿಕೆ' ಎಂದು ಬೇರೆ ಸಾಲು ಹಾಕಿದಳು. ಲಕೋಟೆಯನ್ನು ಅಂಚೆ ಚೀಲಕ್ಕೆ ಹಾಕುವಾಗ, ಇಷ್ಟು ವರ್ಷ ಬೇರೆಯವರ ಕಾಗದಗಳನ್ನು ಹೊತ್ತವಳಿಗೆ ಮೊದಲ ಸಲ ಕೈ ಭಾರವೆನಿಸಿತು.

ಹೋಟೆಲಿನಲ್ಲಿ ಅವಳೇ ವಿಷಯ ತಿಳಿಸಿದಳು. ಒಬ್ಬಿಬ್ಬರು ಹ್ಯಾಟು ಎತ್ತಿಕೊಂಡು ಎದ್ದುಹೋದರು. ಗ್ರಾಸಿಯನ್ ಕಾಫಿ ಲೋಟ ಕೆಳಗಿಟ್ಟು, "ನಾನು ಕೇಳಿರ್ಲಿಲ್ಲ ಆರ್ಡಿತ್" ಎಂದ.

"ಗೊತ್ತು. ನೀನು ಕೇಳಿದ್ದಿದ್ರೆ ಬರೀತಾ ಇರ್ಲಿಲ್ಲ" ಎಂದಳು.

ಮೇ ಕೊನೆಯಲ್ಲಿ ಕುರಿಗಳು ಹಳೆಯ ದಾರಿಯಲ್ಲಿ ಬೆಟ್ಟ ಹತ್ತಿದವು. ಧೂಳಿನ ನಡುವೆ ಮರಿಗಳು ಅರಚುತ್ತ ತಾಯಂದಿರ ಪಕ್ಕೆಗೆ ಅಂಟಿಕೊಂಡು ನಡೆದವು. ರಸ್ತೆ ದಾಟುವ ಮಂದೆಗಾಗಿ ಕಾರು ನಿಲ್ಲಿಸಿಕೊಂಡು ಆರ್ಡಿತ್ ಇಪ್ಪತ್ತು ನಿಮಿಷ ಕಾದಳು. ಇದೇ ಕೊನೆಯ ಸಲವೋ ಏನೋ ಎಂದು ಗ್ರಾಸಿಯನ್‌ಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಆ ಬೇಸಿಗೆ ಭಾನುವಾರದ ಊಟಕ್ಕೆ ಲೋವೆಲ್ ಅವಳನ್ನು ಕರೆಯಲಿಲ್ಲ. ಆ ಕಡೆಯ ರಸ್ತೆಗಳಲ್ಲಿ ಎದುರು ಬರುವ ಗಾಡಿಗೆ ಸ್ಟೀರಿಂಗ್ ಮೇಲಿಂದ ಒಂದು ತೋರುಬೆರಳು ಎತ್ತುವುದು ರೂಢಿ, ಪರಿಚಯವಿಲ್ಲದವನಿಗೂ ಎತ್ತುತ್ತಾರೆ. ಅಕ್ಕನ ಕಾರು ಎದುರಾದಾಗ ಲೋವೆಲ್ ಎರಡೂ ಕೈಯಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ನೇರ ನೋಡುತ್ತ ಹೋಗುತ್ತಿದ್ದ. ಅವಳು ಮಾತ್ರ ಪ್ರತಿ ಸಲವೂ ಎಡಗೈ ಬೆರಳನ್ನು ಎತ್ತುತ್ತಿದ್ದಳು.

ಅಕ್ಟೋಬರಿನಲ್ಲಿ ತಿದ್ದಿದ ಕರಡು ನೋಟೀಸು ಬಂತು. ಹಳೆಯ ಕಣವನ್ನು ನಕ್ಷೆಯಿಂದ ತೆಗೆದಿದ್ದರು. ಕುರಿದಾರಿಗೆ ತಡೆಯಿಲ್ಲ. ಉಪ್ಪುಬಯಲಿನ ಸುತ್ತ ಹೊಸ ವೃತ್ತ ಬಿದ್ದಿತ್ತು: ಮಾರ್ಚ್ ಒಂದರಿಂದ ಜೂನ್ ಮೂವತ್ತರವರೆಗೆ ದನ ಬಿಡುವಂತಿಲ್ಲ. ಆಕ್ಷೇಪಣೆಗೆ ಮೂವತ್ತು ದಿನ. ಗುತ್ತಿಗೆದಾರರಿಗೆ ಒಂದೊಂದು ಪ್ರತಿ ಅಂಚೆಯಲ್ಲಿ ಬಂದಿತ್ತು. ಲೋವೆಲ್‌ನ ಪ್ರತಿಯನ್ನು ಅವನ ಡಬ್ಬಿಗೆ ಹಾಕಬೇಕಾದವಳು ಆರ್ಡಿತ್. ಡಬ್ಬಿಯ ಬಾಗಿಲು ಮುಚ್ಚಿ ಅವಳು ಮುಂದಿನ ಡಬ್ಬಿಗೆ ಹೊರಟಳು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಒಂದು ಬೆಳಗ್ಗೆ ಲೋವೆಲ್‌ನ ಡಬ್ಬಿಯ ಕೆಂಪು ಬಾವುಟ ಮೇಲಕ್ಕೆ ಎದ್ದಿತ್ತು. ಒಳಗೆ ಒಯ್ಯಬೇಕಾದ ಕಾಗದವಿದೆ ಎಂದು ಅದರರ್ಥ. ಆ ಬಾವುಟ ಎದ್ದದ್ದನ್ನು ಅವಳು ವರ್ಷಕ್ಕೆ ಎರಡು ಸಲ ನೋಡಿದ್ದರೆ ಹೆಚ್ಚು.

ಒಳಗೆ ಭೂ ಇಲಾಖೆಯ ವಿಳಾಸವಿದ್ದ ಲಕೋಟೆ. ಅಂಟಿಸಿರಲಿಲ್ಲ, ಸ್ಟ್ಯಾಂಪೂ ಇರಲಿಲ್ಲ. ಮೇಲೆ ಒಂದು ಚೀಟಿ: 'ಆರ್ಡಿ, ಓದಿ ನೋಡಿ ಅಂಟಿಸು.'

ಪತ್ರ ಒಂದೂವರೆ ಪುಟ, ಪೆನ್ಸಿಲ್ಲಿನದು. ಲೋವೆಲ್ ಬರೆದಿದ್ದ: ಉಪ್ಪುಬಯಲಿನಲ್ಲಿ ನಾನು ಹಸುಗಳಿಗೆ ನೆಕ್ಕಲು ಉಪ್ಪಿನ ಕಲ್ಲು ಇಡುತ್ತೇನೆ. ಅವು ನಿಂತು ನಿಂತು ನೆಲ ಬೋಳಾಗಿದೆ. ಕೋಳಿಗಳು ಕುಣಿಯಲು ಬಂದದ್ದು ಆ ಬೋಳು ನೆಲಕ್ಕೆ. ಹಸುಗಳನ್ನು ಪೂರ್ತಿ ದೂರವಿಟ್ಟರೆ ಸೇಜ್ ಪೊದೆ ಬೆಳೆದು ಕಣ ಮುಚ್ಚುತ್ತದೆ, ಕೋಳಿಗಳು ಮತ್ತೆ ಹೋಗುತ್ತವೆ. ಹುಂಜಗಳು ಮೇ ಹದಿನೈದರ ಹೊತ್ತಿಗೆ ಕುಣಿತ ಬಿಡುತ್ತವೆ. ಆಮೇಲೆ ಹೇಂಟೆಗಳು ಮರಿಗಳೊಂದಿಗೆ ತೊರೆಯ ಕಡೆಗೆ ಇಳಿಯುತ್ತವೆ. ಜೂನ್ ಒಂದರಿಂದ ನನ್ನ ಹಸುಗಳನ್ನು ಬಿಡಲು ಕೊಡಿ. ಹಿಂದಿನ ಪತ್ರದಲ್ಲಿ 'ದಿಬ್ಬದ ಆಚೆಯಿಂದ ನೋಡಿದ ಇನ್ನೊಬ್ಬರು' ನಾನೇ. ಬಂದು ನೋಡುವುದಾದರೆ ಬೆಳಗ್ಗೆ ಐದಕ್ಕೆ ಬನ್ನಿ, ನಾಯಿ ತರಬೇಡಿ.

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದ.

ಆರ್ಡಿತ್ ಎರಡು ಸಲ ಓದಿದಳು. ತಿದ್ದಬೇಕಾದ ಒಂದೆರಡು ಕಡೆ ಇದ್ದವು, ತಿದ್ದಲಿಲ್ಲ. ಲಕೋಟೆಯ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿ, ತನ್ನ ಪರ್ಸಿನಿಂದ ಸ್ಟ್ಯಾಂಪು ತೆಗೆದು ಹಚ್ಚಿ, ಬಾವುಟವನ್ನು ಕೆಳಗಿಳಿಸಿದಳು. ಇಲಾಖೆ ಒಪ್ಪುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಆದರೆ ಏಪ್ರಿಲ್‌ನ ಆ ನಲವತ್ಮೂರರ ಹಾಗೆ ಈ ಪತ್ರವನ್ನು ಬೇರೆಯವುಗಳ ಜೊತೆ ಕಟ್ಟಿ ಒಂದು ಎಂದು ಎಣಿಸಲಾರರು.

ತಿರುವಿನಲ್ಲಿ ಲೋವೆಲ್‌ನ ಪಿಕಪ್ ಎದುರಾಯಿತು. ಅವಳು ಎಂದಿನಂತೆ ಎಡಗೈ ಬೆರಳೆತ್ತಿದಳು. ಧೂಳು ಹಿಡಿದ ಗಾಜಿನ ಆಚೆ, ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎದ್ದಿತು.