ದುರುಗಪ್ಪ ಎತ್ತಿದ ಕೈ

ಹಳೆಯ ಚರ್ಮದ ಚೆಂಡಿಗೆ ಔಡಲೆಣ್ಣೆ ಸವರುವಾಗ ಏಳುವ ವಾಸನೆ ನಿಮ್ಮ ಮೂಗಿಗೆ ಎಂದಾದರೂ ಬಡಿದಿದೆಯೆ? ಇಲ್ಲವಾದರೆ ನೀವು ಪುಣ್ಯವಂತರು. ಎಮ್ಮೆಗೆ ತಲೆ ಬಾಚಿ, ಎಣ್ಣೆ ಹಚ್ಚಿ, ಮದುವೆ ಮನೆಯಲ್ಲಿ ನಿಮ್ಮ ಪಕ್ಕಕ್ಕೇ ತಂದು ಕೂರಿಸಿದಂತಿರುತ್ತದೆ. ಈ ಹೊತ್ತು ನಾನು ಲಿಂಗಸುಗೂರಿನ ದರ್ಜಿ ಲಾಲ್‌ಸಾಬನ ಅಂಗಡಿಯಲ್ಲಿ ಆ ವಾಸನೆಯ ನಡುವೆಯೇ ಕುಳಿತಿದ್ದೇನೆ. ನಾಳೆ ಮುದಗಲ್ಲಿನವರೊಂದಿಗೆ ಫುಟ್‌ಬಾಲ್ ಆಟ. ಮುದುಕ ಹೊಲಿಗೆ ಬಿಟ್ಟು ಬೆಳಗಿನಿಂದ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಾನೆ.

"ಲೇ ನಕಲಿ, ನಾಳೆ ಆಟ ಸುರು ಆಗೂ ಮೊದಲ ನಮ್ಮ ದುರುಗಪ್ಪನ ದನಿ ಒಂದೀಟು ಮಾಡು. ಮಂದಿ ಖುಷ್ ಆಗ್ತಾರ."

ನಕಲಿ ಎಂದರೆ ನಾನೇ. ನನಗೆ ಎಲ್ಲರ ದನಿಯೂ ಬರುತ್ತದೆ. ತಹಸೀಲ ಕಚೇರಿಯ ಪೇಶ್ಕಾರ ಸಾಹೇಬರು ಮಾತಿಗೆ ಮೊದಲು ಮೂರು ಸಲ ಕೆಮ್ಮುವುದು, ಕಿರಾಣಿ ಚನ್ನಬಸಪ್ಪನವರು ಬೆಲ್ಲ ತೂಗುವಾಗ ಶಿವನಾಮ ನುಡಿಯುತ್ತಲೇ ತಕ್ಕಡಿಯನ್ನು ಕಿರುಬೆರಳಿನಿಂದ ಒತ್ತುವುದು, ನಮ್ಮಪ್ಪ ನನ್ನನ್ನು ನೋಡಿ ನಿಟ್ಟುಸಿರಿಡುವುದು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ಊರಲ್ಲಿ ಬೇರೆ ಉದ್ಯೋಗವಿದ್ದವನಿಗೆ ಇಷ್ಟೆಲ್ಲ ಬರುವುದಿಲ್ಲ. ಆದರೆ ದುರುಗಪ್ಪನ ದನಿ ಮಾತ್ರ ನನಗೆ ದಕ್ಕಲಿಲ್ಲ. ಆಟದ ಬಯಲಿನಲ್ಲಿ ಅವನು ಬಾಯಿ ತೆರೆದವನೇ ಅಲ್ಲ. ಎಡಗೈ ಎತ್ತುತ್ತಿದ್ದ, ಅಷ್ಟೆ.

ನೀವು ದುರುಗಪ್ಪನನ್ನು ಕಂಡಿರಲಿಕ್ಕಿಲ್ಲ. ಮಸ್ಕಿಯವನು, ಆಡುತ್ತಿದ್ದುದು ನಮ್ಮ ಲಿಂಗಸುಗೂರಿನ ಕಡೆಯಿಂದ. ಸಿಂಧನೂರಿನ ಹಾದಿಯಲ್ಲಿ ಹತ್ತಿ ತುಂಬಿದ ಬಂಡಿ ಹೊಡೆಯುತ್ತಿದ್ದ. ಬರಿಗಾಲು. ಎರೆ ಹೊಲಗಳಲ್ಲಿ ಬೆಳೆ ನಿಂತಿರುವಾಗ ನಮಗೆ ಆಡಲು ಮಸ್ಕಿ ಹಳ್ಳದ ಒಣ ಉಸುಕೇ ಗತಿ. ಬೇರೆಯವರು ಒದ್ದ ಚೆಂಡು ಆ ಉಸುಕಿನಲ್ಲಿ ಹೂತು ಕುಳಿತುಕೊಳ್ಳುತ್ತಿತ್ತು. ದುರುಗಪ್ಪನ ಎಡಗಾಲು ತಾಗಿದರೆ ಅದೇ ಚೆಂಡು ಕೆಲಸ ನೆನಪಾದವರಂತೆ ಎದ್ದು ಓಡುತ್ತಿತ್ತು. ಮುದಗಲ್ಲಿನವರಿಗೆ ಅವನು ಒಮ್ಮೆ ಹೊಡೆದ ಗೋಲನ್ನು ಲಿಂಗಸುಗೂರಿನಲ್ಲಿ ಕಣ್ಣಾರೆ ಕಾಣದ ಗಂಡಸಿಲ್ಲ. ಕಂಡೆವೆನ್ನುವವರೆಲ್ಲ ಅವತ್ತು ನಿಜವಾಗಿ ಬಂದಿದ್ದರೆ ಹಳ್ಳದಲ್ಲಿ ಚೆಂಡಿಗೆ ಜಾಗ ಉಳಿಯುತ್ತಿರಲಿಲ್ಲ. ಆ ಗೋಲನ್ನು ಎಲ್ಲರಿಗಿಂತ ಚೆನ್ನಾಗಿ ಬಣ್ಣಿಸುವವನು ನಾನು. ಅವತ್ತು ನಾನು ಬಳಗಾನೂರಿನ ಅತ್ತೆಯ ಮನೆಯಲ್ಲಿ ಜ್ವರ ಬಂದು ಮಲಗಿದ್ದೆ.

ಇನ್ನು ಆ ಕೈಯ ವಿಚಾರ. ಆಟ ಅರ್ಧ ದಾಟುವ ಹೊತ್ತಿಗೆ ದುರುಗಪ್ಪ ನಮ್ಮ ಕಡೆ ತಿರುಗಿ ಎಡಗೈ ಎತ್ತಿ ನಿಲ್ಲುತ್ತಿದ್ದ. ಅದನ್ನು ಕಂಡರೆ ಸಾಕು, ದಂಡೆಯ ಮೇಲಿದ್ದ ನಾವೆಲ್ಲ ಎದ್ದು ನಿಂತು, ರುಮಾಲು ತೂರಿ, "ಹೊಡೀ ದುರುಗಪ್ಪಾ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆವು. ಅವನು ಕೈ ಇಳಿಸಿ ಮತ್ತೆ ಓಡುತ್ತಿದ್ದ. ಅದು ದೇವರಿಗೆ ಮಾಡುವ ಸಲಾಮು ಎಂದು ಪೇಶ್ಕಾರರ ವಾದ. ಚೆಂಡು ಇತ್ತ ಕೊಡಿರೆಂಬ ಸನ್ನೆ ಎಂದು ಚನ್ನಬಸಪ್ಪನವರ ವಾದ. ಇದೇ ಜಗಳದಲ್ಲಿ ಇಬ್ಬರೂ ಒಂದು ಇಡೀ ಬೇಸಿಗೆ ಮಾತು ಬಿಟ್ಟಿದ್ದರು.

ಮುಂದೆ ಅವನ ಮೊಣಕಾಲು ಹೋಯಿತು. ಆಟ ಬಿಟ್ಟೆ ಎಂದ. ಅವನು ಬಿಟ್ಟ, ನಾವು ಬಿಡಲಿಲ್ಲ. ಸೋಲುವ ಲಕ್ಷಣ ಕಂಡಾಗಲೆಲ್ಲ ಚನ್ನಬಸಪ್ಪನವರ ಬಂಡಿ ಮಸ್ಕಿಗೆ ಹೋಗುತ್ತಿತ್ತು. ದುರುಗಪ್ಪನ ಹೆಂಡತಿ ಹನುಮವ್ವ ಬಾಗಿಲಲ್ಲಿ ನಿಂತು, "ಕಾಲು ಬಾತೈತ್ರೀ, ಬ್ಯಾಡ್ರೀ," ಎನ್ನುವಳು. "ಸುಮ್ನ ನಿಂದ್ರಲಿ ಯವ್ವಾ, ಓಡೂದು ಬ್ಯಾಡ," ಎಂದು ನಾವು ಒಪ್ಪಿಸುವೆವು. ಕರೆತಂದು ನಿಲ್ಲಿಸಿದ ಮೇಲೆ ಓಡು ಓಡು ಎಂದು ಕೂಗುವವರೂ ನಾವೇ. ಅವನು ಕುಂಟುತ್ತ ಕೈ ಎತ್ತಿದರೆ ಹಿಂದಿಗಿಂತ ಜೋರಾಗಿ ರುಮಾಲು ಹಾರುತ್ತಿದ್ದವು.

ಅಂಥ ದುರುಗಪ್ಪ ಒಂದು ಚಳಿಗಾಲ ಜ್ವರದಲ್ಲಿ ತೀರಿಕೊಂಡ. ಲಿಂಗಸುಗೂರಿಗೆ ಲಿಂಗಸುಗೂರೇ ಮಸ್ಕಿಗೆ ನಡೆಯಿತು. ಅವನನ್ನು ಹೂಳಿದ ಗುದ್ದಿನ ಪಕ್ಕ ನಿಂತು ಪೇಶ್ಕಾರರು ಉರ್ದುವಿನಲ್ಲಿ ದೊಡ್ಡ ಭಾಷಣ ಮಾಡಿದರು. ನಮಗೆ ಅರ್ಥವಾದದ್ದು 'ದುರುಗಪ್ಪ' ಎಂಬ ಒಂದೇ ಮಾತು. ಅದು ಬಂದಾಗಲೆಲ್ಲ ಅತ್ತೆವು.

ಮೂರನೆಯ ದಿನ ಗುದ್ದಿಗೆ ಎಡೆ ಇಡುವ ಪದ್ಧತಿ ನಿಮಗೆ ಗೊತ್ತು. ಸತ್ತವನಿಗೆ ಇಷ್ಟವಾದದ್ದನ್ನು ಇಟ್ಟು ದೂರ ಸರಿದು ಕಾಯಬೇಕು. ಕಾಗೆ ಮುಟ್ಟಿದರೆ ಜೀವ ತೃಪ್ತಿಯಿಂದ ಹೋಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಅದೇನೆಂದು ಊಹಿಸಿ ನಡೆಸಿಕೊಡುವುದಾಗಿ ಮಾತು ಕೊಡಬೇಕು. ಹನುಮವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಯ ಇಟ್ಟಳು. ನಾವು ಅಭಿಮಾನಿಗಳು ಸುಮ್ಮನಿರುತ್ತೇವೆಯೇ? ಎಡೆಯ ಪಕ್ಕದಲ್ಲೇ ಚೆಂಡನ್ನೂ ಇಟ್ಟೆವು. ಔಡಲೆಣ್ಣೆ ಹಚ್ಚಿ ಮಿರಮಿರ ಮಿಂಚುವಂತೆ ಮಾಡಿ ಇಟ್ಟೆವು.

ಕಾಗೆ ಬಂತು. ಬನ್ನಿಗಿಡದ ಮೇಲೆ ಕುಳಿತಿತು. ಇಳಿಯಲೊಲ್ಲದು. ಕಾಗೆ ಮುಟ್ಟುವತನಕ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲವೆಂದು ಹನುಮವ್ವ ಮುಂಜಾನೆಯಿಂದ ಬಿಸಿಲಲ್ಲೇ ಕುಳಿತಿದ್ದಳು. ತುಟಿ ಒಣಗಿ ಬಿಳಿಚಿತ್ತು.

ಚನ್ನಬಸಪ್ಪನವರು ಮುಂದೆ ಬಂದು ಕೈಮುಗಿದರು. "ದುರುಗಪ್ಪಾ, ಚಿಂತಿ ಮಾಡಬ್ಯಾಡ. ಈ ವರ್ಷ ಮುದಗಲ್ಲಿನವ್ರನ್ನ ಸೋಲಸೇ ಸೋಲಸ್ತೀವಿ!"

ಕಾಗೆ ಮುಖ ತಿರುಗಿಸಿತು.

"ಮುದಗಲ್ ಕಾಗೀನ ಇರಬೇಕು ಇದು," ಎಂದ ಲಾಲ್‌ಸಾಬ.

ಪೇಶ್ಕಾರರು ಮೂರು ಸಲ ಕೆಮ್ಮಿ, ಕಚೇರಿಯ ಗೋಡೆಗೆ ದುರುಗಪ್ಪನ ಫೋಟೋ ಹಾಕಿಸುವ ಮಾತು ಕೊಟ್ಟರು. ಫೋಟೋ ಇಲ್ಲವೆಂಬುದು ಕಾಗೆಗೂ ಗೊತ್ತಿತ್ತು. ಲಾಲ್‌ಸಾಬ ಆಟಗಾರರಿಗೆಲ್ಲ ಹೊಸ ಅಂಗಿ ಹೊಲಿದು ಕೊಡುವೆನೆಂದ. ಆಗ ಕಾಗೆ ಒಂದು ಕೊಂಬೆ ಕೆಳಗಿಳಿಯಿತು. ಅಷ್ಟರಲ್ಲಿ ಗಾಳಿ ಬೀಸಿ ಚೆಂಡು ಅಲುಗಿತು. ಕಾಗೆ ಕಿರುಚಿ ಮತ್ತೆ ತುದಿಗೆ ಹಾರಿತು. ಚೆಂಡು ತೆಗೆಯಿರೆಂದು ಯಾರೂ ಅನ್ನಲಿಲ್ಲ. ದುರುಗಪ್ಪನ ಚೆಂಡನ್ನು ಮುಟ್ಟುವ ಧೈರ್ಯ ಯಾರಿಗಿತ್ತು?

ಹನುಮವ್ವ ನನ್ನ ಕಡೆ ತಿರುಗಿದಳು.

"ತಮ್ಮಾ, ನೀ ಎಲ್ಲಾರ ಗತೆ ಮಾತಾಡ್ತಿಯಂತಲ್ಲ?"

"ಹೌದಕ್ಕಾ," ಎಂದೆ. ದುರುಗಪ್ಪನಂತೆ ಮಾತಾಡು ಎಂದುಬಿಟ್ಟರೆ ಏನು ಗತಿ ಎಂದು ಬೆವರುತ್ತಿದ್ದೆ.

"ಹಂಗಾರ ಈ ಮಂದಿ ಗತೆ ಮಾತಾಡು. 'ಸಾಕು, ಕುಂದ್ರು' ಅನ್ನು. ಅವ ಕೈ ಎತ್ತತಿದ್ದ ನೋಡು, ಕಾಲು ಸಿಡಿತೈತಿ, ಈಟು ಕುಂದ್ರತೀನಿ ಅಂತ ಕೇಳತಿದ್ದ. ಮನಿಗೆ ಬಂದು ಬಿಸಿನೀರಾಗ ಕಾಲಿಟ್ಕೊಂಡು ಅಂತಿದ್ದ, 'ಇವತ್ತೂ ಬ್ಯಾಡ ಅಂದ್ರು ಬೇ, ಇವತ್ತೂ ಕೂಗಿದ್ರು.' ಒಬ್ರಾದ್ರೂ ಸಾಕು ಅನ್ನಲಿಲ್ಲ ಅವಗ."

ಸಲಾಮಿನ ಪಕ್ಷವೂ ಚೆಂಡಿನ ಪಕ್ಷವೂ ನೆಲ ನೋಡುತ್ತ ನಿಂತವು. ನಾನು ಮೂರು ಸಲ ಕೆಮ್ಮಿ, ಪೇಶ್ಕಾರರ ದನಿಯಲ್ಲಿ, "ಬಸ್ ಮಿಯಾ, ಬೈಠೋ," ಎಂದೆ. ಯಾರೂ ನಗಲಿಲ್ಲ. ನಾನು ನಕಲು ಮಾಡಿಯೂ ಜನ ನಗದಿದ್ದುದು ಅದೇ ಮೊದಲು. ಕಿರುಬೆರಳು ಒತ್ತಿ, "ಶಿವಾ ಶಿವಾ, ಸಾಕೋ ದುರುಗಪ್ಪಾ, ಕುಂದ್ರು," ಎಂದು ಇನ್ನೂ ಮುಗಿಸಿರಲಿಲ್ಲ, ಚನ್ನಬಸಪ್ಪನವರು ನನ್ನನ್ನು ಪಕ್ಕಕ್ಕೆ ಸರಿಸಿ ಅದೇ ಮಾತನ್ನು ತಾವೇ ಹೇಳಿದರು. ನನ್ನಷ್ಟು ಚೆನ್ನಾಗಿ ಅವರಿಗೆ ಅವರ ದನಿ ಬರಲಿಲ್ಲ. ಒಡೆಯಿತು. ಆಮೇಲೆ ಪೇಶ್ಕಾರರು ಕೆಮ್ಮದೆ ಹೇಳಿದರು. ಆಮೇಲೆ ಎಲ್ಲರೂ ಹೇಳಿದರು.

ಹನುಮವ್ವ ಎದ್ದಳು. ಸೀರೆಯ ನಿರಿಗೆ ತುಸು ಎತ್ತಿ, ಆ ಮಿರಮಿರ ಚೆಂಡನ್ನು ಕಾಲಿನಿಂದ ಒದ್ದಳು. ಅದು ಜಾಲಿಯ ಕಂಟಿಯವರೆಗೂ ಉರುಳಿ ಹೋಯಿತು. ಒಳ್ಳೆಯ ಒದೆತ. ಎಡಗಾಲೇ.

ಕಾಗೆ ಇಳಿದು ರೊಟ್ಟಿ ಕಚ್ಚಿತು.

ಮಾತು ಕೇಳಿ ಇಳಿಯಿತೋ ಚೆಂಡು ಹೋದದ್ದಕ್ಕೆ ಇಳಿಯಿತೋ ಎಂದು ಲಿಂಗಸುಗೂರಿನಲ್ಲಿ ಈಗ ಹೊಸದಾಗಿ ಎರಡು ಪಕ್ಷಗಳಿವೆ. ನಾನು ಎರಡರಲ್ಲೂ ಚಹಾ ಕುಡಿಯುತ್ತೇನೆ. ಹನುಮವ್ವ ಆ ದಿನ ಚೊಂಬು ಎತ್ತಿ ಗಟಗಟ ನೀರು ಕುಡಿದದ್ದನ್ನು ಮಾತ್ರ ನಾನು ನಿಜವಾಗಿಯೂ ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ನೆನೆಯುತ್ತ ಕುಳಿತವನು ತಲೆ ಎತ್ತಿ ನೋಡಿದೆ. ಲಾಲ್‌ಸಾಬ ಇನ್ನೂ ಉಜ್ಜುತ್ತಲೇ ಇದ್ದ. ನೋವಾಗಿರಬೇಕು, ಕೈ ಮೇಲೆತ್ತಿ ಬೆರಳು ಬಿಡಿಸಿಕೊಂಡ. ನಾನು ಎದ್ದು ಎಣ್ಣೆಯ ಬಟ್ಟಲು ಕಸಿದುಕೊಂಡೆ.

"ಸಾಕು ಚಾಚಾ, ಕುಂದ್ರು. ನಾ ಹಚ್ತೀನಿ."

ಮುದುಕ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ.

"ಇದ್ಯಾರ ದನಿಲೇ?"

"ನಂದ ಚಾಚಾ."

"ಹ್ಞೂಂ," ಎಂದ ಲಾಲ್‌ಸಾಬ ಗೋಡೆಗೆ ಒರಗುತ್ತ, "ಇನ್ನೂ ಸರಿ ಬರವಲ್ದು. ರೂಢಿ ಮಾಡು."