ಅಕ್ಕನ ನಂಬರು

ತಪ್ಪು ನನ್ನದೇ. ಅಕ್ಕನ ಕಂಪ್ಯೂಟರಿನಲ್ಲಿ ಆನ್‌ಲೈನ್ ಆಟ ಚುರುಕಾಗಿ ಓಡುವುದು ಅದರ ನೆಟ್‌ವರ್ಕ್ ನಂಬರಿನಿಂದಲೇ ಎಂದು ತಿಳಿದು, ನನ್ನದಕ್ಕೂ ಅದೇ ನಂಬರು ಬರೆದಿದ್ದೆ. ಒಂದು ನಂಬರಿಗೆ ಒಂದೇ ಕಂಪ್ಯೂಟರೆಂಬುದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಾನು ಆಟಕ್ಕಿಳಿದರೆ ಅವಳು ಹೊರಗೆ, ಅವಳು ಬಂದರೆ ನಾನು ಹೊರಗೆ. ಅಣ್ಣನ ಕಂಪ್ಯೂಟರು ಮಾತ್ರ ಆರಾಮಾಗಿತ್ತು.

ಒಂದು ಸಂಜೆ ಅಕ್ಕನಿಗೆ ಆ ಆಟದ ಫೈನಲ್ ಪಂದ್ಯ. ರೌಟರನ್ನು ಆರು ಸಲ ಆರಿಸಿ ಹಚ್ಚಿದಳು. ಊರವರ ದನಿ ಅಣಕಿಸುವ ಚಾಳಿಯ ನಾನು ಬಾಜು ನಿಂತು, ಅಣ್ಣಿಗೇರಿಯಿಂದ ಬರುವ ಕೇಬಲ್ ಕಾಕಾನಂತೆ ಕೆಮ್ಮಿ, “ಮ್ಯಾಲಿಂದನ ಲೈನ್ ಇಲ್ರೀ ಅಕ್ಕಾರ” ಎಂದೆ. ಅವ್ವ ಬಿದ್ದು ಬಿದ್ದು ನಕ್ಕಳು.

ಅಕ್ಕ ನಗಲಿಲ್ಲ. ಮೂರೂ ಕಂಪ್ಯೂಟರಿನ ಸೆಟ್ಟಿಂಗ್ ತೆರೆದು ನೋಡಿದಳು. ನನ್ನ ನಂಬರು ಅಳಿಸಿದ್ದೇ ತಡ, ಅವಳ ಆಟ ಹತ್ತಿಕೊಂಡಿತು. ಪರದೆಯಿಂದ ಕಣ್ಣು ತೆಗೆಯದೆ ಅಂದಳು:

“ಊರ ಮಂದಿ ದನಿ ಎಲ್ಲಾ ಕದ್ದಿ, ಸುಮ್ನಿದ್ವಿ. ನಂಬರಾದ್ರ ನಿಂದು ಅಂತ ಒಂದ್ ಇಟ್ಕೋಳ್ಲೇ!”