ತೊಳೆದು ತಂದ ನಾಯಿ

"ಚರ್ಮ ಕೆರೆದು ನೋಡ್ದಾಗ ಒಂದು ಹುಳಾನೂ ಸಿಕ್ಕಿರ್ಲಿಲ್ಲ. ರಕ್ತದಲ್ಲಿ ಅದರ ಗುರುತು ಸಿಕ್ಕಿಬಿತ್ತು ನೋಡಿ," ಎಂದು ಟಿ. ನರಸೀಪುರದ ಪಶುವೈದ್ಯರು ವರದಿ ತೋರಿಸಿದಾಗ, ಸೋಸಲೆಯ ನಮ್ಮ ದೊಡ್ಡಮ್ಮ ತೊಡೆಯ ಮೇಲಿದ್ದ ಕೆಂಚನನ್ನು ಸೆರಗಿನಿಂದ ಮುಚ್ಚಿಕೊಂಡರು. ಕೆಂಚ ಅವರ ನಾಯಿ. ಅದು ಕೆರೆದುಕೊಳ್ಳತೊಡಗಿದ ಮೇಲೆ ಅವರ ಕೈಗೂ ತುರಿಕೆ ಹತ್ತಿತ್ತು. ಕಜ್ಜಿಯೆಂದು ಖಚಿತವಾದರೆ ನಾಯಿಯನ್ನು ನಂಜನಗೂಡಿನ ಪರಿಚಯದವರ ತೋಟಕ್ಕೆ ಬಿಟ್ಟುಬರುವುದೆಂದು ನಾನೇ ಹೇಳಿದ್ದೆ. ಮೊದಲ ಪರೀಕ್ಷೆಯನ್ನು ನಂಬದೆ ರಕ್ತಪರೀಕ್ಷೆಗೆ ಒತ್ತಾಯಿಸಿದವನೂ ನಾನೇ.

ಹುಳದ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯಗಳು ರಕ್ತದಲ್ಲಿ ಉಳಿದಿರುತ್ತವೆ ಎಂದು ವಿವರಿಸಿದ ವೈದ್ಯರು, "ಅಜ್ಜಿ, ಅವತ್ತು ಚರ್ಮದ ಪರೀಕ್ಷೆಗೆ ಬರೋ ಮುಂಚೆ ಇದಕ್ಕೇನಾದ್ರೂ ಹಚ್ಚಿದ್ರಾ?" ಎಂದು ಕೇಳಿದರು.

"ಮೂರು ದಿನ ಒಂಗೆ ಎಣ್ಣೆಗೆ ಗಂಧಕ ಆಕಿ ತಿಕ್ಕಿ ತೊಳ್ದೆ ಸಾ. ಉಳ ಸಿಕ್ಬುಟ್ರೆ ಇವ್ನು ನಂಜನಗೂಡ್ಗೆ ಬುಟ್ಬುಡ್ತಾನಲ್ಲಾ! ರಕ್ತಾನ ಎಂಗ್ ತೊಳೀಲಿ, ನೀವೇ ಯೋಳಿ."

ವೈದ್ಯರು ನಕ್ಕುಬಿಟ್ಟರು. "ಎಲ್ಲಿಗೂ ಬಿಡಬೇಡಿ, ಮಾತ್ರೆ ಕೊಡ್ತೀನಿ. ನಿಮ್ಮ ಕೈನ ಮಾತ್ರ ಚರ್ಮದ ಡಾಕ್ಟ್ರಿಗೆ ತೋರಿಸಿ."

ಅಲ್ಲೇ ದೊಡ್ಡಮ್ಮನ ಕ್ಷಮೆ ಕೇಳಿದೆನೆಂದು ನನ್ನ ನೆನಪು. ಕೇಳಲೇ ಇಲ್ಲ ಎನ್ನುತ್ತಾರೆ ಅವರು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಾಗಾಗಿ ಮೊನ್ನೆ ಸೋಸಲೆಗೆ ಹೋದಾಗ ಇನ್ನೊಮ್ಮೆ ಕ್ಷಮೆ ಕೇಳಿದೆ. ಮೈತುಂಬ ಹೊಸ ರೋಮ ಬಂದಿದ್ದ ಕೆಂಚ ನನ್ನ ಪಾದದ ಮೇಲೇ ಮಲಗಿತ್ತು.